ಕಾಕಾ ಹಾಕಿದ ಫಾರ್ವರ್ಡ್

ಗುಂಪು: ನಮ್ಮ ಮನೆತನ, ರಾಯಚೂರು

ಸಿಂಧನೂರು ಕಾಕಾ: (ಫಾರ್ವರ್ಡ್) ವಸಡಿನ ಕ್ರಿಮಿ ಟಿ ಕೋಶಗಳನ್ನು ಕೊಂದು ಕೀಲುನೋವು ತರುತ್ತದೆ! ಲವಂಗದೆಣ್ಣೆ ಹಚ್ಚಿ, ಮಾತ್ರೆ ಬಿಸಾಕಿ!! ಎಲ್ಲರಿಗೂ ಕಳುಹಿಸಿ 🙏

ಮಾನ್ವಿ ಅತ್ತೆ: ನನ್ನ ಬೆರಳು ನೋವು ಇದರಿಂದಲೇ ಏನೋ. ವಾರಕ್ಕೊಮ್ಮೆ ಆ ಸಂಧಿವಾತದ ಮಾತ್ರೆ ನುಂಗಿದರೆ ವಾಕರಿಕೆ. ಬಿಟ್ಟು ನೋಡಲಾ?

ಸುಮಾ: ಅತ್ತೆ, ಬೇಡ! ವಾಕರಿಕೆ ಬಗ್ಗೆ ಡಾಕ್ಟರಿಗೆ ಹೇಳಿ, ನೀವೇ ಬಿಡಬೇಡಿ. ಕಾಕಾ, ಇದನ್ನು ಡಿಲೀಟ್ ಮಾಡ್ರಿ.

ಸಿಂಧನೂರು ಕಾಕಾ: ನೀನು ಎಂಎಸ್ಸಿ ಸೇರಿದ ಮೇಲೆ ನಾವು ಹಾಕಿದ್ದೆಲ್ಲ ಸುಳ್ಳೇ. ವಸಡಿಗೂ ಕೀಲಿಗೂ ಸಂಬಂಧವೇ ಇಲ್ಲವಾ?

ಸುಮಾ: ಇರಬಹುದು ಕಾಕಾ. ಪೋರ್ಫಿರೋಮೊನಾಸ್ ಜಿಂಜಿವಾಲಿಸ್ ಅಂತ ವಸಡಿನ ರೋಗದ ಒಂದು ಬ್ಯಾಕ್ಟೀರಿಯಾ. ಅದರ ಒಂದು ಕಿಣ್ವ ಪ್ರೋಟೀನುಗಳನ್ನು ಸ್ವಲ್ಪ ಬದಲಿಸುತ್ತದೆ. ಅತ್ತೆಯಂಥ ಸಂಧಿವಾತದವರಲ್ಲಿ ಹೀಗೆ ಬದಲಾದ ಪ್ರೋಟೀನಿನ ಮೇಲೇ ದೇಹ ತಿರುಗಿ ಬೀಳುತ್ತದೆ. ಅದಕ್ಕೇ ಅನುಮಾನ. ಆದರೆ ವಸಡಿನ ತೊಂದರೆ ಟಿ ಕೋಶ, ಅಂದರೆ ರೋಗದ ವಿರುದ್ಧ ಕಾವಲು ಕಾಯುವ ಒಂದು ಬಗೆಯ ಬಿಳಿ ರಕ್ತಕಣ, ಸಾಯುವುದರಿಂದಲ್ಲ, ಉಲ್ಟಾ. ಟಿಎಚ್17 ಅನ್ನುವ ಟಿ ಕೋಶಗಳು ಅಲ್ಲಿ ಜಾಸ್ತಿ ಆಗುತ್ತವೆ. ಅವು ಐಎಲ್-17 ಅನ್ನುವ ಸಂಕೇತದ ಪ್ರೋಟೀನ್ ಬಿಡುತ್ತವೆ, ಬೇರೆ ಬಿಳಿ ರಕ್ತಕಣಗಳೂ ನುಗ್ಗುತ್ತವೆ, ಹಲ್ಲು ಹಿಡಿದ ಮೂಳೆಯೇ ಸವೆಯುತ್ತದೆ. ಕಳ್ಳನನ್ನು ಹಿಡಿಯಲು ಬಂದವರು ಮನೆ ಗೋಡೆ ಕೆಡವಿದ ಹಾಗೆ.

ವಿನಯ: ಹಾಗಾದರೆ ಆ ಟಿಎಚ್17 ಅನ್ನೇ ಬಂದ್ ಮಾಡಿದರೆ ಮುಗೀತಲ್ವಾ ಅಕ್ಕಾ?

ಸುಮಾ: ಜಾಬ್ಸ್ ಸಿಂಡ್ರೋಮ್ ಅಂತ ಹುಟ್ಟಿನಿಂದ ಬರುವ ಕಾಯಿಲೆ ಇದೆ, ಅವರಲ್ಲಿ ಈ ಕೋಶ ಬೆಳೆಯುವುದೇ ಇಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನವರು 2018ರಲ್ಲಿ ನೋಡಿದಾಗ ಅವರಿಗೆ ವಸಡಿನ ರೋಗ ಕಡಿಮೆ ಇತ್ತು. ಆದರೆ ಬಾಯಿ ತುಂಬ ಫಂಗಸ್! ಕಾವಲಿಗೂ ಅದೇ ಕೋಶ ಬೇಕು ಮಾರಾಯಾ.

ಸಿಂಧನೂರು ಕಾಕಾ: ನನ್ನ ವಸಡಿಂದ ಒಂದು ಹನಿ ರಕ್ತ ಬಂದಿಲ್ಲ. ಕಲ್ಲು ಇದ್ದಂಗಿದೆ.

ಸುಮಾ: ಬೀಡಿ ಸೇದುವವರಿಗೆ ರಕ್ತ ಬರುವುದೇ ಕಡಿಮೆ ಕಾಕಾ. ರೋಗ ಗೊತ್ತಾಗದೆ ಒಳಗೇ ಬೆಳೆಯುತ್ತದೆ. ಕೆಳಗಿನ ಮುಂದಲ ಹಲ್ಲನ್ನು ನಾಲಿಗೆಯಿಂದ ತಳ್ಳಿ ನೋಡ್ರಿ.

ಕಾಕಿ: ಅಲ್ಲಾಡುತ್ತದೆ. ಎಷ್ಟೋ ದಿನದಿಂದ ಖಡಕ್ ರೊಟ್ಟಿ ಹಾಲಲ್ಲಿ ನೆನೆಸಿ ತಿನ್ನುತ್ತಿದ್ದಾರೆ.

ಸಿಂಧನೂರು ಕಾಕಾ: ಇವಳನ್ನು ಗುಂಪಿಗೆ ಯಾರು ಸೇರಿಸಿದ್ದು?

ವಿನಯ: 😂😂

ಮಾನ್ವಿ ಅತ್ತೆ: ಲವಂಗದೆಣ್ಣೆ ಆಗಲೇ ತರಿಸಿಬಿಟ್ಟೆ ಸುಮಾ.

ಸುಮಾ: ಇರಲಿ ಅತ್ತೆ. ಹಲ್ಲುನೋವಿಗೆ ಸ್ವಲ್ಪ ಹೊತ್ತು ಜೋಮು ಹಿಡಿಸುತ್ತದೆ, ಅಷ್ಟೇ. ಹಲ್ಲಿಗೆ ಗಟ್ಟಿ ಪಾಚಿ ಕಟ್ಟಿದ್ದರೆ ಹಲ್ಲಿನ ಡಾಕ್ಟರೇ ಕೆರೆದು ತೆಗೆಯಬೇಕು. ಸೋಮವಾರ ನಾನೇ ಕರೆದುಕೊಂಡು ಹೋಗುತ್ತೇನೆ. ಕಾಕಾ, ನೀವೂ ಬರ್ರಿ.

(ಸಿಂಧನೂರು ಕಾಕಾ ಈ ಸಂದೇಶವನ್ನು ಅಳಿಸಿದ್ದಾರೆ)