ಅಪ್‌ಡೇಟ್: ವಿಂಡೋ ಎಳೆಯುವಾಗ ಚಿತ್ರ ನಿಲ್ಲುವ ಸಮಸ್ಯೆ ಬಗೆಹರಿಯಿತು

ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ನನ್ನ ಪ್ರಶ್ನೆ ಇದು: ಎಸ್‌ಡಿಎಲ್2 (ವಿಂಡೋ, ಚಿತ್ರ, ಮೌಸ್-ಕೀಬೋರ್ಡ್ ನೋಡಿಕೊಳ್ಳುವ ಲೈಬ್ರರಿ) ಬಳಸಿ ಬರೆದ ಪ್ರೋಗ್ರಾಂನಲ್ಲಿ, ವಿಂಡೋಸ್ ಮೇಲೆ ಟೈಟಲ್ ಬಾರ್ ಹಿಡಿದು ಎಳೆದರೆ ಅನಿಮೇಷನ್ ಪೂರ್ತಿ ನಿಂತುಬಿಡುತ್ತಿತ್ತು. ಲಿನಕ್ಸ್‌ನಲ್ಲಿ ಸರಿಯಾಗಿಯೇ ಓಡುತ್ತಿತ್ತು.

ನೀವು ಹೇಳಿದ್ದೇ ನಿಜ. ಎಳೆಯಲು ಶುರುಮಾಡಿದ ತಕ್ಷಣ ವಿಂಡೋಸ್ ತನ್ನದೇ ಒಂದು ಮೆಸೇಜ್ ಲೂಪ್ (ವಿಂಡೋಗೆ ಬರುವ ಮೆಸೇಜ್‌ಗಳನ್ನು ಒಂದೊಂದಾಗಿ ತೆಗೆದು ನಿಭಾಯಿಸುವ ಸುತ್ತು) ನಡೆಸುತ್ತದೆ. ಮೌಸ್, ಕೀಬೋರ್ಡ್ ಮುಂತಾದವುಗಳ ಈವೆಂಟ್ ತಂದುಕೊಡಲು ನಾವು ಕರೆಯುವ ಎಸ್‌ಡಿಎಲ್_ಪೋಲ್‌ಈವೆಂಟ್ ಫಂಕ್ಷನ್, ಮೌಸ್ ಬಟನ್ ಬಿಡುವವರೆಗೆ ವಾಪಸ್ ಬರುವುದೇ ಇಲ್ಲ. ನಮ್ಮ ಲೂಪ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಮೊದಲು ಎಸ್‌ಡಿಎಲ್_ಆ್ಯಡ್‌ಈವೆಂಟ್‌ವಾಚ್ ಹಾಕಿದೆ. ಇದಕ್ಕೆ ನಮ್ಮ ಒಂದು ಫಂಕ್ಷನ್ (ಕಾಲ್‌ಬ್ಯಾಕ್) ಕೊಟ್ಟರೆ, ಈವೆಂಟ್ ಸಾಲಿಗೆ (ಕ್ಯೂ) ಸೇರುವಾಗಲೇ ಎಸ್‌ಡಿಎಲ್ ಅದನ್ನು ಓಡಿಸುತ್ತದೆ. ಹಾಗಾಗಿ ಅಳತೆ ಬದಲಾದಾಗಲೆಲ್ಲ ಅಲ್ಲಿಂದಲೇ ಚಿತ್ರ ಬಿಡಿಸಬಹುದು. ಬರೀ ರೀಸೈಜ್ ಸಾಕು ಎನ್ನುವವರಿಗೆ ಇಷ್ಟೇ ಸಾಕು. ಆದರೆ ಬಟನ್ ಒತ್ತಿಹಿಡಿದು ಮೌಸ್ ಅಲ್ಲಾಡಿಸದೆ ಸುಮ್ನೆ ಇದ್ದರೆ ಈವೆಂಟ್ ಬರುವುದಿಲ್ಲ, ಮತ್ತೆ ಎಲ್ಲ ಸ್ತಬ್ಧ.

ಅದಕ್ಕೆ ವಿಂಡೋಸ್‌ನದೇ ಫಂಕ್ಷನ್ ಆದ ಸೆಟ್‌ವಿಂಡೋಸಬ್‌ಕ್ಲಾಸ್ ಬಳಸಿ ವಿಂಡೋದ ಮೆಸೇಜ್‌ಗಳನ್ನು ನಾನೇ ನೋಡುತ್ತಿದ್ದೇನೆ. ಎಳೆಯುವುದು ಶುರುವಾಯಿತು ಎನ್ನುವ ಎಂಟರ್‌ಸೈಜ್‌ಮೂವ್ ಮೆಸೇಜ್ ಬಂದಾಗ ಸೆಟ್‌ಟೈಮರ್ ಕರೆದು ಟೈಮರ್ ಶುರು, ಮುಗಿಯಿತು ಎನ್ನುವ ಎಕ್ಸಿಟ್‌ಸೈಜ್‌ಮೂವ್ ಬಂದಾಗ ಕಿಲ್‌ಟೈಮರ್ ಕರೆದು ನಿಲ್ಲಿಸುವುದು. ನಡುವೆ ಬರುವ ಪ್ರತಿ ಟೈಮರ್ ಮೆಸೇಜ್‌ಗೂ ಅನಿಮೇಷನ್‌ನ ಒಂದು ಫ್ರೇಮ್ ಬಿಡಿಸುತ್ತೇನೆ. ವಿಂಡೋಸ್‌ನ ಆ ಒಳಗಿನ ಲೂಪ್ ಟೈಮರ್ ಮೆಸೇಜ್‌ಗಳನ್ನು ತಡೆಯುವುದಿಲ್ಲ, ಅದೇ ನಮ್ಮ ಪುಣ್ಯ! ಟೈಮರ್‌ಗೆ 16 ಮಿಲಿಸೆಕೆಂಡ್ ಅಂತರ ಕೇಳಿದ್ದೇನೆ. ಈ ಟೈಮರ್ ಅಷ್ಟು ನಿಖರವಲ್ಲ, ಆದರೂ ಎಳೆಯುವಾಗಿನ ಕೆಲಸಕ್ಕೆ ಧಾರಾಳ.

ಇದನ್ನು ಬಳಸುವವರು ಒಂದನ್ನು ದಯವಿಟ್ಟು ಗಮನಿಸಿ. ಫ್ರೇಮ್ ಬಿಡಿಸುವ ಆ ಫಂಕ್ಷನ್ ಒಳಗೆ ಮತ್ತೆ ಪೋಲ್‌ಈವೆಂಟ್ ಕರೆಯಬೇಡಿ. ನಾವು ಆಗಲೇ ಅದರ ಒಳಗಿದ್ದೇವೆ, ಅಲ್ವಾ? ಬಿಡಿಸುವ ಕೋಡನ್ನು ಬೇರೆ ಫಂಕ್ಷನ್ ಮಾಡಿ, ನಿಮ್ಮ ಮಾಮೂಲಿ ಲೂಪ್ ಮತ್ತು ಟೈಮರ್ ಮೆಸೇಜ್, ಎರಡೂ ಕಡೆಯಿಂದ ಅದನ್ನೇ ಕರೆಯಿರಿ.