ಬ್ಯಾಟರಿ ಟ್ರೈಸಿಕಲ್: ಅರ್ಜಿ ಎಲ್ಲಿ, ಎರಿ ದಾರಿಯೊಳಗ ನಡೀತದೇನು?

ಪ್ರಶ್ನೆ (ಸಿಂದಗಿ ತಾಲ್ಲೂಕು)
ತಮ್ಮಗ 24 ವರ್ಷ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗ ಸ್ವಾಧೀನ ಇಲ್ಲ, ಸ್ಪರ್ಶನೂ ಗೊತ್ತಾಗೂದಿಲ್ಲ. ಕೈ ಗಟ್ಟಿ ಅದಾವ. ಯುಡಿಐಡಿ ಕಾರ್ಡಿನಾಗ (ಅಂಗವಿಕಲರ ಗುರುತಿನ ಚೀಟಿ) ಅಂಗವೈಕಲ್ಯ ಶೇ. 85 ಅದ. ಬ್ಯಾಟರಿ ಟ್ರೈಸಿಕಲ್‌ಗೆ ಏನೇನು ಕಾಗದ ಬೇಕು? ಎರಿ (ಕರಿ ಮಣ್ಣಿನ) ಹೊಲದ ದಾರಿಗೆ ಅದು ತಡೀತದೇನ್ರಿ?

ಉತ್ತರ 1
ಮೊದಲು ನಿಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯು (ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಕಾಣ್ರಿ, ತಾಲ್ಲೂಕಿಗೆ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಇರ್ತಾರೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯ ತಪಾಸಣಾ ಶಿಬಿರದ ದಿನ ಅವರಿಂದ ತಿಳಿಯುತ್ತದೆ. ಅಲಿಮ್ಕೊ (ಈ ಸಾಧನ ತಯಾರಿಸುವ ಕೇಂದ್ರ ಸರ್ಕಾರದ ಕಂಪನಿ) ಬ್ಯಾಟರಿ ಟ್ರೈಸಿಕಲ್‌ಗೆ ವಯಸ್ಸು 16 ತುಂಬಿರಬೇಕು, ಅಂಗವೈಕಲ್ಯ ಶೇ. 80 ಇಲ್ಲವೇ ಹೆಚ್ಚು ಇರಬೇಕು. ನಿಮ್ಮ ತಮ್ಮ ಎರಡಕ್ಕೂ ಹೊಂದುತ್ತಾನೆ. ತಿಂಗಳ ಆದಾಯ 22,500 ರೂಪಾಯಿ ಒಳಗಿದ್ದರೆ ಪೂರ್ತಿ ಸಹಾಯಧನ, 30,000ದವರೆಗೆ ಅರ್ಧ. ಟ್ರೈಸಿಕಲ್‌ನ ಸಹಾಯಧನಕ್ಕೆ ಮಿತಿ ಇದೆ. ಅದರ ಮೇಲಿನ ಹಣ ಶಾಸಕರ, ಸಂಸದರ ನಿಧಿಯಿಂದಲೋ ಕೈಯಿಂದಲೋ ಬರಬೇಕು.

ಯುಡಿಐಡಿ, ಆಧಾರ್, ಆದಾಯ ಪ್ರಮಾಣಪತ್ರ ಇಲ್ಲವೇ ಬಿಪಿಎಲ್ ಕಾರ್ಡು, ಫೋಟೊ ಒಯ್ಯಿರಿ. ಹೆಸರು ಯುಡಿಐಡಿ, ಆಧಾರ್ ಎರಡರಲ್ಲೂ ಒಂದೇ ರೀತಿ ಇಲ್ಲದಿದ್ದರೆ ಅಲ್ಲೇ ತಡೆ ಬೀಳುತ್ತದೆ, ಮೊದಲೇ ಸರಿಪಡಿಸಿಕೊಳ್ಳಿ. ತಪಾಸಣೆ ದಿನ ಗಾಡಿ ಕೈಗೆ ಬರುವುದಿಲ್ಲ. ಅಂದು ಕೊಡುವ ಚೀಟಿಯಲ್ಲಿ ಸಾಧನದ ಹೆಸರು ಸರಿ ಬರೆದಾರೇನು ನೋಡಿ, ಜೋಪಾನ ಮಾಡಿ.

ಉತ್ತರ 2
ಗಾಡಿಗಿಂತ ಮೊದಲು ಕೂರುವ ಜಾಗದ ವಿಚಾರ ಮಾಡಿ. ಸ್ಪರ್ಶ ಇಲ್ಲದವರಿಗೆ ಗಟ್ಟಿ ಸೀಟಿನ ಮೇಲೆ ಹಾಸಿಗೆ ಹುಣ್ಣು ಏಳುತ್ತದೆ, ನೋವಾಗದ ಕಾರಣ ಗೊತ್ತೇ ಆಗುವುದಿಲ್ಲ. ಒತ್ತಡ ಹಂಚುವ ಕುಶನ್ ಹಾಕಲೇಬೇಕು. 15–30 ನಿಮಿಷಕ್ಕೊಮ್ಮೆ ಗಾಡಿ ನಿಲ್ಲಿಸಿ ಒಂದೆರಡು ನಿಮಿಷ ಮುಂದಕ್ಕೆ ಬಾಗಲಿ, ಇಲ್ಲವೇ ಒಂದೊಂದೇ ಪಕ್ಕಕ್ಕೆ ವಾಲಲಿ. ರಾತ್ರಿ ಕನ್ನಡಿ ಹಿಡಿದು ಕುಂಡಿ, ಹಿಮ್ಮಡಿ ನೋಡಿಕೊಳ್ಳಬೇಕು. ಅರ್ಧ ತಾಸಾದರೂ ಕೆಂಪು ಇಳಿಯದಿದ್ದರೆ ಆ ಜಾಗದ ಮೇಲೆ ಭಾರ ಹಾಕಬಾರದು.

ಟ್ರೈಸಿಕಲ್ ಮನೆಯೊಳಗೆ ತಿರುಗುವುದಿಲ್ಲ, ವೀಲ್‌ಚೇರ್ ಬೇರೆ ಬೇಕು. ಅದಕ್ಕೆ ಪಂಚಾಯ್ತಿಯ ಶೇ. 5ರ ಅಂಗವಿಕಲರ ನಿಧಿ ಕೇಳಿ. ಗ್ರಾಮಸಭೆಯಲ್ಲಿ ಬರವಣಿಗೆಯಲ್ಲೇ ಕೊಟ್ಟು ಕ್ರಿಯಾಯೋಜನೆಗೆ ಸೇರಿಸಿರಿ, ಬಾಯಿಮಾತು ದಾಖಲೆ ಆಗುವುದಿಲ್ಲ.

ಉತ್ತರ 3
ಒಣ ದಾರಿಗೆ ತಡೀತದ. ಮಳಿ ಬಿದ್ದ ಎರಿಯೊಳಗ ಒಯ್ಯಬ್ಯಾಡ್ರಿ. ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವ ತುಂಬಿ ಗಾಲಿ ಹಿಡಿದುಬಿಡ್ತದ, ಮೋಟಾರಿನ ಮ್ಯಾಲ ಹೊರೆ ಬಿದ್ದು ಕಂಟ್ರೋಲರ್ (ಮೋಟಾರಿಗೆ ಕರೆಂಟು ಹದ ಮಾಡಿ ಬಿಡೂ ಪೆಟ್ಟಿಗಿ) ಸುಡಬಹುದು. ಜಾಲಿ ಮುಳ್ಳು, ನೆಗ್ಗಿನ ಮುಳ್ಳಿಗೆ ಪಂಕ್ಚರ್ ತಪ್ಪಿದ್ದಲ್ಲ. ಒಂದು ಟ್ಯೂಬು, ಗಾಳಿ ಪಂಪು ಗಾಡಿಯೊಳಗ ಇರ್ಲಿ.

ಇಂಥ ಗಾಡಿಯೊಳಗ ಸಾಮಾನ್ಯವಾಗಿ 12 ವೋಲ್ಟಿನ ಎರಡು ಲೆಡ್ ಬ್ಯಾಟರಿ ಸರಣಿಯೊಳಗ ಇರ್ತಾವ. ಓಡಿಸಿದ ದಿನಾನೇ ಪೂರ್ತಿ ಚಾರ್ಜ್ ಮಾಡ್ರಿ. ಬೇಸಿಗಿಯೊಳಗ ಬಿಸಿಲಿನಿಂದ ತಂದ ಕೂಡಲೇ ಅಲ್ಲ, ನೆರಳಿಗೆ ನಿಲ್ಲಿಸಿ ತಣ್ಣಗಾದ ಮ್ಯಾಲ. ಖಾಲಿ ಬಿಟ್ಟ ಬ್ಯಾಟರಿಯ ತಗಡಿನ ಮ್ಯಾಲ ಸಲ್ಫೇಟ್ ಗಟ್ಟಿಯಾಗಿ ಚಾರ್ಜ್ ಹಿಡಿಯೂದು ಕಡಿಮಿ ಆಗ್ತದ. ಗಾಡಿ ನಿಂತಿದ್ರೂ ತಿಂಗಳಿಗೊಮ್ಮೆ ಚಾರ್ಜ್ ಬೇಕು.

ಮೈಲೇಜ್ ಇಳೀತು ಅಂದ್ರ ಚಾರ್ಜ್ ಮುಗಿದು ಕೆಲವು ತಾಸು ಬಿಟ್ಟು ಮೀಟರ್ ಹಚ್ಚಿ ಎರಡನ್ನೂ ಬ್ಯಾರೆ ಬ್ಯಾರೆ ಅಳೀರಿ. ಒಂದು 12.7 ವೋಲ್ಟ್, ಇನ್ನೊಂದು 12.1 ವೋಲ್ಟ್ ತೋರಿಸಿದ್ರ ಕಡಿಮಿ ಇದ್ದದ್ದು ಸೋತದ. ಆದ್ರ ಹೊಸಾವು ಹಾಕೂವಾಗ ಎರಡೂ ಒಂದೇ ಕಂಪನಿವು, ಒಂದೇ ಆಂಪಿಯರ್ ಅವರ್‌ನವು (ಚಾರ್ಜ್ ಹಿಡಿಯೂ ಅಳತಿ) ಇರ್ಲಿ. ಹಳೇದರ ಜೋಡಿ ಹೊಸದು ಹಾಕಿದ್ರ ಒಂದಕ್ಕ ಚಾರ್ಜ್ ಹೆಚ್ಚಾಗಿ, ಇನ್ನೊಂದಕ್ಕ ಕಡಿಮ್ಯಾಗಿ ಎರಡೂ ಕೆಡ್ತಾವ.

ಪ್ರಶ್ನೆ ಕೇಳಿದವರು
ಭಾಳ ಉಪಕಾರ ಆತ್ರಿ. ಮನಿ ಕಟ್ಟೆ ಒಂದು ಅಡಿ ಎತ್ತರ ಅದ. ರ‍್ಯಾಂಪ್ ಎಷ್ಟು ಉದ್ದ ಬೇಕು?

ಉತ್ತರ 2
ಅಡಿಗೆ 12 ಅಡಿ, ಅಂದರೆ ನಿಮಗೆ 12 ಅಡಿ. ನುಣುಪು ಶಹಾಬಾದಿ ಫರ್ಸಿ ಹಾಸಬೇಡಿ, ಮಳೆಗೆ ಜಾರುತ್ತದೆ. ಒರಟು ಸಿಮೆಂಟು ಮಾಡಿಸಿ, ಎರಡೂ ಅಂಚಿಗೆ ಗಾಲಿ ಹೊರಗೆ ಹೋಗದಷ್ಟು ದಂಡೆ ಎಬ್ಬಿಸಿ.