ಲಿಗಂಡ್, ಕೀಲೇಟ್ – ಇವಕ್ಕೆ ಕನ್ನಡ ಬೇಕು (ಇವತ್ತೇ ಬೇಕು!)

ಬೆಳಿಗ್ಗೆ 9.10 | ರಸಾಯನಶಾಸ್ತ್ರ ಉಪನ್ಯಾಸಕಿ, ಮಲೆನಾಡು

ಎಲ್ಲರಿಗೂ ನಮಸ್ಕಾರ. ನಮ್ಮ ಪಿಯು ಕಾಲೇಜಿನ ಲ್ಯಾಬ್ ಗೋಡೆಗೆ ಒಂದು ದೊಡ್ಡ ಚಾರ್ಟ್ ಮಾಡಿಸುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿ ಬಂದ ಮಕ್ಕಳು ಇಲ್ಲಿ ಜಾಸ್ತಿ. ಸೆಕೆಂಡ್ ಪಿಯುನಲ್ಲಿ ಕೋಆರ್ಡಿನೇಷನ್ ಕಾಂಪೌಂಡ್ಸ್ ಶುರುವಾಯಿತು ಅಂದರೆ ಮುಖ ಸಪ್ಪಗಾಗುತ್ತೆ. ಇಂಗ್ಲಿಷ್ ಪದದ ಕೆಳಗೆ ಒಂದು ಕನ್ನಡ ಪದ, ಒಂದು ಸಾಲು ವಿವರಣೆ ಹಾಕಬೇಕು. ಆರ್ಗ್ಯಾನಿಕ್ ಭಾಗ ಮುಗಿದಿದೆ. ಸಮಾಂಗಿ, ಅನುರೂಪ ಶ್ರೇಣಿ, ಕ್ರಿಯಾ ಗುಂಪು ಎಲ್ಲ ಅವರಿಗೆ ಆಗಲೇ ಗೊತ್ತು. ನಾನು ಸಿಕ್ಕಿಹಾಕಿಕೊಂಡಿರೋದು ಈ ನಾಲ್ಕರಲ್ಲಿ: ಕೋಆರ್ಡಿನೇಷನ್, ಲಿಗಂಡ್, ಡೆಂಟಿಸಿಟಿ, ಕೀಲೇಟ್.

ಸಂದರ್ಭ ಇದು. ನಡುವೆ ಒಂದು ಲೋಹದ ಅಯಾನು. ಸುತ್ತಲೂ ಅಣುಗಳೋ ಅಯಾನುಗಳೋ ತಮ್ಮ ಎಲೆಕ್ಟ್ರಾನ್ ಜೋಡಿ ಕೊಟ್ಟು ಅದಕ್ಕೆ ಅಂಟಿಕೊಂಡಿವೆ, ಇದೇ ಕೋಆರ್ಡಿನೇಷನ್. ಹಾಗೆ ಅಂಟಿಕೊಂಡದ್ದು ಲಿಗಂಡ್. ಅದು ಎಷ್ಟು ಕಡೆಯಿಂದ ಹಿಡಿಯುತ್ತದೆ ಅನ್ನೋದು ಡೆಂಟಿಸಿಟಿ. ಒಂದೇ ಲಿಗಂಡ್ ಎರಡೋ ಮೂರೋ ಕಡೆಯಿಂದ ಹಿಡಿದು ಲೋಹವನ್ನು ಸೇರಿಸಿಕೊಂಡು ಉಂಗುರ ಕಟ್ಟಿದರೆ ಅದು ಕೀಲೇಟ್.

ಫ್ಲೆಕ್ಸ್ ಅಂಗಡಿಯವರು ಸಂಜೆ ಐದರೊಳಗೆ ಫೈಲ್ ಕೇಳಿದ್ದಾರೆ. ದಯವಿಟ್ಟು ಬೇಗ ತಿಳಿಸಿ.

9.42 | ನಿವೃತ್ತ ಕನ್ನಡ ಮೇಷ್ಟ್ರು, ಮೈಸೂರು

ಸಮನ್ವಯ. ಸಂಲಗ್ನಿ. ದಂತೀಯತೆ. ನಖರ ಸಂಯುಕ್ತ.

ಇದರಲ್ಲಿ ಚರ್ಚೆಗೆ ಏನೂ ಇಲ್ಲ. ದಂತ ಇಟ್ಟುಕೊಂಡರೆ ದ್ವಿದಂತೀಯ, ತ್ರಿದಂತೀಯ, ಷಡ್ದಂತೀಯ ಎಲ್ಲ ತಾನಾಗಿ ಬರುತ್ತವೆ. ಲ್ಯಾಟಿನ್ನಿನ ಡೆನ್ಸ್, ನಮ್ಮ ದಂತ ಎರಡೂ ಒಂದೇ ಬೇರಿನವು. ಇದಕ್ಕಿಂತ ಹತ್ತಿರದ ಪದ ಎಲ್ಲಿ ಸಿಗುತ್ತೆ?

10.05 | ಸಾಫ್ಟ್‌ವೇರ್ ಕೆಲಸದವರು, ಬೆಂಗಳೂರು

ಷಡ್ದಂತೀಯ! ಅದನ್ನು ಹೇಳುವಷ್ಟರಲ್ಲಿ ಮಕ್ಕಳ ಎರಡು ಹಲ್ಲು ಬಿದ್ದಿರುತ್ತವೆ ಮೇಷ್ಟ್ರೇ.

ಮೇಡಂ, ಲಿಗಂಡ್‌ಗೆ ಅಂಟುಗ ಅನ್ನಿ. ಡೆಂಟಿಸಿಟಿಗೆ ಹಲ್ಲೆಣಿಕೆ. ಕೋಆರ್ಡಿನೇಷನ್‌ಗೆ ಸಮನ್ವಯ ಮಾತ್ರ ಬೇಡ, ಸಮ್ಮಿಶ್ರ ಸರ್ಕಾರದ ಸಮನ್ವಯ ಸಮಿತಿ ನೆನಪಾಗುತ್ತೆ. ಇನ್ನು ಕೀಲೇಟ್‌ಗೆ ಹುಡುಕೋದೇ ಬೇಡ. ಪದದೊಳಗೇ ಕೀಲು ಕೂತಿದೆ ನೋಡಿ. ಜೋಡಿಸೋದು ಕೀಲು, ಹಿಡಿಯೋದು ಕೀಲು. ಗ್ರೀಕರು ನಮ್ಮ ಕರಾವಳಿಗೆ ಬರುತ್ತಿದ್ದರು. ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ಮಾತುಗಳನ್ನು ವಿದ್ವಾಂಸ ಶಾಮಶಾಸ್ತ್ರಿಗಳು ಕನ್ನಡ ಅಂತ ಓದಿರಲಿಲ್ಲವೇ? ಪದ ಆ ಕಡೆಗೆ ಹೋಗಿ ಈಗ ಕೋಟು ಹಾಕಿಕೊಂಡು ವಾಪಸ್ ಬಂದಿದೆ, ಅಷ್ಟೇ.

10.38 | ರಸಾಯನಶಾಸ್ತ್ರ ಸಂಶೋಧಕ, ಧಾರವಾಡ

ಕೀಲು ಅಲ್ಲ. ದಯವಿಟ್ಟು ಅದನ್ನು ಗೋಡೆಗೆ ಹಾಕಬೇಡಿ.

ಗ್ರೀಕಿನ ಖೇಲೆ ಅಂದರೆ ಏಡಿಯ ಹಿಡಿಯುವ ಕಾಲು. 1920ರಲ್ಲಿ ಮಾರ್ಗನ್ ಮತ್ತು ಡ್ರೂ ಅನ್ನುವ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಅದರಿಂದ ಕೀಲೇಟ್ ಅಂತ ಹೆಸರಿಟ್ಟರು. ಏಡಿ ಎರಡು ಕಡೆಯಿಂದ ಹಿಡಿಯುತ್ತಲ್ಲ, ಆ ಚಿತ್ರ ಅವರ ತಲೆಯಲ್ಲಿತ್ತು. ಕೀಲಿಗೂ ಇದಕ್ಕೂ ಸಂಬಂಧ ಇಲ್ಲ. ಉಚ್ಚಾರ ಹತ್ತಿರ ಅಂತ ಪದಗಳನ್ನು ನೆಂಟರು ಮಾಡೋದಾದರೆ ನಾಳೆ ಕೀಲಿಕೈಯನ್ನೂ ಇದರ ಮೊಮ್ಮಗ ಅನ್ನಬಹುದು.

ಲಿಗಂಡ್ ಅದಕ್ಕಿಂತ ನಾಲ್ಕು ವರ್ಷ ಹಿರಿದು. 1916ರಲ್ಲಿ ಆಲ್ಫ್ರೆಡ್ ಸ್ಟಾಕ್ ಬಳಸಿದ್ದು. ಲ್ಯಾಟಿನ್ನಿನಲ್ಲಿ ಅದರ ರೂಪ 'ಕಟ್ಟುವಂಥದ್ದು' ಅಲ್ಲ, 'ಕಟ್ಟಬೇಕಾದ್ದು'. ಹಾಗಾಗಿ ಅಂಟುಗ ಅನ್ನೋ ಕರ್ತೃರೂಪ ಮೂಲಕ್ಕೆ ಸರಿಹೊಂದಲ್ಲ. ಆದರೆ ಅದು ನನಗೆ ದೊಡ್ಡ ವಿಷಯವಲ್ಲ. ಮಕ್ಕಳಿಗೆ ಮೂಲ ಬೇಕಿಲ್ಲ, ಚಿತ್ರ ಬೇಕು.

ಕೀಲೇಟ್‌ಗೆ ಇಕ್ಕಳ ಅನ್ನಿ. ಒಲೆ ಮೇಲಿನ ಬಿಸಿ ಪಾತ್ರೆ ಇಳಿಸುವ ಇಕ್ಕಳ ಎಲ್ಲರ ಮನೆಯಲ್ಲೂ ಇದೆ. ಒಂದೇ ಬೆರಳಲ್ಲಿ ಪಾತ್ರೆ ಎತ್ತಲಾಗಲ್ಲ, ಎರಡು ಕಡೆ ಕಚ್ಚಿದರೆ ಜಾರಲ್ಲ. ಕೀಲೇಟ್ ಯಾಕೆ ಗಟ್ಟಿ ಅನ್ನೋದರ ಅರ್ಧ ಅದರಲ್ಲೇ ಇದೆ. ಒಂದು ಹಿಡಿತ ಬಿಟ್ಟರೂ ಇನ್ನೊಂದು ಹಿಡಿದಿರುತ್ತೆ. ಬಿಟ್ಟದ್ದು ಅಲ್ಲೇ ಪಕ್ಕದಲ್ಲಿದ್ದು ಮತ್ತೆ ಕಚ್ಚುತ್ತೆ.

ಮೇಡಂ, ನಿಮ್ಮ ಲ್ಯಾಬಲ್ಲಿ ಇಡಿಟಿಎ (ಅದೂ ಒಂದು ಲಿಗಂಡ್) ಇದ್ದರೆ ಬೋರ್‌ವೆಲ್ ನೀರಿನ ಗಡಸುತನ ಅಳೆದು ತೋರಿಸಿ. ಅಮೋನಿಯಾ ಬಫರ್ ಹಾಕಿ ಪಿಎಚ್ 10ಕ್ಕೆ ತನ್ನಿ. ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನೋ ಬಣ್ಣ ಒಂದು ಚಿಟಿಕೆ ಹಾಕಿ. ನೀರು ದ್ರಾಕ್ಷಾರಸದ ಕೆಂಪಾಗುತ್ತೆ. ಬಣ್ಣವೂ ನೀರಿನಲ್ಲಿರುವ ಮೆಗ್ನೀಸಿಯಂ ಅನ್ನು ಹಿಡಿದುಕೊಂಡಿದೆ, ಆದರೆ ಸಡಿಲವಾಗಿ. ಬ್ಯುರೆಟ್‌ನಿಂದ ಇಡಿಟಿಎ ಬಿಡುತ್ತಾ ಹೋಗಿ. ಅದು ಎರಡು ನೈಟ್ರೋಜನ್, ನಾಲ್ಕು ಆಕ್ಸಿಜನ್, ಒಟ್ಟು ಆರು ಕಡೆಯಿಂದ ಹಿಡಿಯುತ್ತೆ. ಮೊದಲು ನೀರಿನಲ್ಲಿ ಬಿಡಿಯಾಗಿರುವ ಲೋಹ, ಕೊನೆಗೆ ಬಣ್ಣದ ಕೈಯಲ್ಲಿರುವ ಮೆಗ್ನೀಸಿಯಂ ಕೂಡ ಕಿತ್ತುಕೊಳ್ಳುತ್ತೆ. ಆ ಕ್ಷಣ ಕೆಂಪು ಹೋಗಿ ನೀಲಿ. ಇದನ್ನು ಒಮ್ಮೆ ನೋಡಿದವರಿಗೆ ನೀವು ಯಾವ ಪದ ಕೊಟ್ಟರೂ ನಡೆಯುತ್ತೆ.

11.15 | ಗೊಬ್ಬರದ ಅಂಗಡಿ, ಹಾವೇರಿ ಕಡೆ

ನಾನು ಬಿಎಸ್ಸಿ ಅಗ್ರಿ ಓದಿ ಅಂಗಡಿ ಇಟ್ಟವನು. ಇಲ್ಲಿ ಸುಮ್ನೆ ಓದುತ್ತಿರುತ್ತೇನೆ. ಇವತ್ತು ಬರೆಯಲೇಬೇಕು ಅನ್ನಿಸಿತು. ನಿಮಗೆ ಪದ ಬೇಕಿದ್ದರೆ ರೈತರ ಬಾಯಲ್ಲಿ ಆಗಲೇ ಇದೆ. 'ಚಿಲೇಟೆಡ್ ಜಿಂಕ್ ಕೊಡ್ರಿ' ಅಂತಾರೆ. ಪ್ಯಾಕೆಟ್ ಮೇಲೆ ಜಿಂಕ್ ಇಡಿಟಿಎ, 12% ಅಂತ ಇರುತ್ತೆ. ಸುಣ್ಣ ಜಾಸ್ತಿ ಇರುವ ಮಣ್ಣಿಗೆ ಜಿಂಕ್ ಸಲ್ಫೇಟ್ ಹಾಕಿದರೆ ಜಿಂಕ್ ಕರಗದ ರೂಪಕ್ಕೆ ತಿರುಗಿ ಮಣ್ಣಲ್ಲೇ ಕೂತುಬಿಡುತ್ತೆ, ಬೇರಿಗೆ ಸಿಗಲ್ಲ. ಇಡಿಟಿಎ ಹಿಡಿದಿಟ್ಟರೆ ಕರಗಿದ ಹಾಗೇ ಇರುತ್ತೆ. ಇಷ್ಟನ್ನು ಯಾರೂ ಕ್ಲಾಸಿಗೆ ಹೋಗದೆ ತಿಳಿದುಕೊಂಡಿದ್ದಾರೆ.

11.21 | ಮೈಸೂರು

ಅಂಗಡಿಯ ಮಾತು ಪಾರಿಭಾಷಿಕ ಪದ ಆಗಲ್ಲ. ಅದರಲ್ಲೂ ಚಿಲೇಟ್ ತಪ್ಪು ಉಚ್ಚಾರ. ಕೀಲೇಟ್.

11.24 | ಹಾವೇರಿ ಕಡೆ

ತಪ್ಪು ಉಚ್ಚಾರದ ಜಿಂಕಿಗೂ ಭತ್ತ ಹಸಿರಾಗುತ್ತೆ ಸರ್.

11.50 | ಬೆಂಗಳೂರು

ಕೀಲಿನ ವಿಷಯ ಬಿಡಿ, ಒಪ್ಪಿದೆ (ಅರ್ಧ). ಆದರೆ ಎರಡು ಹಲ್ಲಿನದಕ್ಕೆ ದ್ವಿದಂತೀಯ ಯಾಕೆ? ಕನ್ನಡದಲ್ಲಿ ಸಮಾಸ ಮಾಡಲು ಬರಲ್ವಾ? ಇಬ್ಬಗೆ, ಇಮ್ಮಡಿ, ಇಕ್ಕೆಲ ಇದ್ದ ಹಾಗೆ ಇಬ್ಬಲ್ಲು.

12.02 | ಮೈಸೂರು

ಇಬ್ಬಲ್ಲು ಹೇಗಾಗುತ್ತೆ? ಹಲ್ಲು ಮೂಲದಲ್ಲಿ ಪಲ್. ಇರ್ ಮುಂದೆ ಪಕಾರ ಬಂದರೆ ಇಪ್ಪತ್ತು ಆಗಿದೆ, ಇಬ್ಬತ್ತು ಆಗಿಲ್ಲ. ಬಗೆಯಲ್ಲಿ ಇರೋದು ಬಕಾರ. ಅಚ್ಚಗನ್ನಡ ಮಾಡಲು ಹೊರಟವರು ಹಳಗನ್ನಡ ಒಂದಿಷ್ಟು ಓದಬೇಕು. ಇಪ್ಪಲ್ಲು.

12.09 | ಬೆಂಗಳೂರು

ಹಾಗಾದರೆ ಇಡಿಟಿಎ ಅರುವತ್ತಿನ ಹಾಗೆ ಅರುವಲ್ಲು. ನೋಡಿ, ನೀವೇ ಕಟ್ಟಿಕೊಟ್ಟಿರಿ! ಷಡ್ದಂತೀಯ ಸತ್ತಿತು.

12.11 | ಮೈಸೂರು

ನಾನು ವ್ಯಾಕರಣ ಹೇಳಿದೆ. ಬಳಸಿ ಅನ್ನಲಿಲ್ಲ.

12.40 | ಬೆಂಗಳೂರು

ನಿಮ್ಮ ತೊಂದರೆ ಪದ ಅಲ್ಲ, ಕನ್ನಡದ ಮೇಲೆ ನಂಬಿಕೆ ಇಲ್ಲದಿರೋದು. ಹಿಂದಿನವರು ಇಂಗಾಲ ಅಂತ ಎಷ್ಟು ಚೆಂದದ ಕನ್ನಡ ಪದ ಕೊಟ್ಟರು. ಈಗಿನ ಹತ್ತನೇ ಕ್ಲಾಸಿನ ಪುಸ್ತಕ ತೆಗೆದರೆ ಕಾರ್ಬನ್. ಆಮ್ಲಜನಕ ಹೋಗಿ ಆಕ್ಸಿಜನ್. ಹೀಗೇ ಬಿಟ್ಟರೆ ಕೊನೆಗೆ 'ಮತ್ತು' ಒಂದೇ ಕನ್ನಡದ್ದು ಉಳಿಯುತ್ತೆ.

1.25 | ಧಾರವಾಡ

ಊಟಕ್ಕೆ ಹೋಗಿ ಬರುವಷ್ಟರಲ್ಲಿ ಎಲ್ಲಿಗೆ ಬಂದಿರಿ!

ಇಂಗಾಲ ಅಚ್ಚಗನ್ನಡ ಅಲ್ಲ. ಅದರ ಹಿಂದೆ ಇರೋದು ಸಂಸ್ಕೃತದ ಅಂಗಾರ. ಪ್ರಾಕೃತದಲ್ಲಿ ಇಂಗಾಲ, ನಮ್ಮಲ್ಲಿ ಇಂಗಳ. ಹೀಗೆ ಸವೆದು ಬಂದಿದ್ದಕ್ಕೇ ನಮ್ಮದು ಅನ್ನಿಸುತ್ತೆ. ಚಿಲೇಟೆಡ್ ಜಿಂಕಿಗೂ ನೂರು ವರ್ಷ ಕೊಟ್ಟು ನೋಡಿ.

ಆಮ್ಲಜನಕದ ಕಥೆ ಇನ್ನೂ ಸ್ವಾರಸ್ಯ. ಎಲ್ಲ ಆಮ್ಲಕ್ಕೂ ಕಾರಣ ಈ ಅನಿಲವೇ ಅಂದುಕೊಂಡು ಫ್ರಾನ್ಸಿನ ವಿಜ್ಞಾನಿ ಲವಾಜಿಯೇ 'ಆಮ್ಲ ಹುಟ್ಟಿಸುವುದು' ಎಂಬ ಅರ್ಥದ ಹೆಸರಿಟ್ಟ. ಅದು ತಪ್ಪು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. ಕ್ಲೋರಿನ್ ಒಂದು ಮೂಲವಸ್ತು ಅಂತ 1810ರಲ್ಲಿ ಡೇವಿ ಹೇಳಿದ ಮೇಲೆ ಆ ಮಾತು ಬಿದ್ದುಹೋಯಿತು. ಇಂಗ್ಲಿಷಿನವರಿಗೆ ಅದರಿಂದ ತೊಂದರೆ ಆಗಲಿಲ್ಲ, ಆಕ್ಸಿಜನ್ ಅಂದರೆ ಅವರಿಗೆ ಬರೀ ಹೆಸರು. ನಾವು ಅರ್ಥ ಬಿಡಿಸಿ ಅನುವಾದ ಮಾಡಿ ತಪ್ಪನ್ನೂ ಜೊತೆಗೆ ತಂದೆವು. ಹುಡುಗರು ಇವತ್ತಿಗೂ ಕೇಳುತ್ತಾರೆ: ಆಮ್ಲಜನಕ ಆಮ್ಲ ಹುಟ್ಟಿಸುತ್ತಾ ಸರ್?

ಸಾವಯವವೂ ಹಾಗೇ. ಅವಯವ ಇರುವ ಜೀವಿಗಳಿಂದ ಬಂದದ್ದು ಅಂತ ಹೆಸರು. 1828ರಲ್ಲಿ ವೋಲರ್ ಅಮೋನಿಯಂ ಸಯನೇಟ್ ಕಾಯಿಸಿ ಯೂರಿಯಾ ಪಡೆದ. ಜೀವಿಯ ಸಹಾಯ ಬೇಕಿಲ್ಲ ಅಂತ ಅಲ್ಲೇ ಗೊತ್ತಾಯಿತು. ಈಗ ಅದೇ ಯೂರಿಯಾ ನಮ್ಮ ಪುಸ್ತಕದಲ್ಲಿ ಸಾವಯವ ಸಂಯುಕ್ತ, ಹಾವೇರಿಯವರ ಅಂಗಡಿಯಲ್ಲಿ ರಾಸಾಯನಿಕ ಗೊಬ್ಬರ!

1.33 | ಹಾವೇರಿ ಕಡೆ

ದಿನಾ ಇದೇ ಜಗಳ. 'ಚಿಲೇಟೆಡ್ ಸಾವಯವ ಹೌದಾ?' ಅಂತ ಕೇಳುತ್ತಾರೆ. ಓದಿದ್ದನ್ನು ನೆನೆದರೆ ಹೌದು ಅನ್ನಬೇಕು. ಹೌದು ಅಂದರೆ ಮೋಸ ಮಾಡಿದ ಹಾಗೆ.

2.10 | ಮೈಸೂರು

ಧಾರವಾಡದವರ ವಾದ ಹಿಡಿದರೆ ಯಾವ ಭಾಷೆಯಲ್ಲೂ ಪದ ಕಟ್ಟುವಂತಿಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಕನ್ನಡದಲ್ಲಿ ವಿಜ್ಞಾನಕ್ಕೇ ಅಂತ ಪತ್ರಿಕೆ ತಂದರು. ಎಷ್ಟೋ ವಿಷಯಕ್ಕೆ ಪದವೇ ಇಲ್ಲದ ಕಾಲ ಅದು. ಆಗ ಇಂಥವರು ಇದ್ದಿದ್ದರೆ ಪತ್ರಿಕೆ ಒಂದು ಸಂಚಿಕೆಯೂ ಬರುತ್ತಿರಲಿಲ್ಲ.

2.18 | ಧಾರವಾಡ

ಪದ ಕಟ್ಟಬೇಡಿ ಅನ್ನಲಿಲ್ಲ ಮೇಷ್ಟ್ರೇ. ಇಕ್ಕಳ ಅಂದದ್ದು ನಾನೇ ಅಲ್ವಾ? ಸಮನ್ವಯವೂ ಇರಲಿ, ನನಗೆ ತಕರಾರಿಲ್ಲ. ಅದಕ್ಕೊಂದು ಉದಾಹರಣೆ ಮಾತ್ರ ಬೇಕು. 1893ರಲ್ಲಿ ವರ್ನರ್ ಲೆಕ್ಕ ಬಿಡಿಸಿದ್ದು ಕೋಬಾಲ್ಟ್ ಕ್ಲೋರೈಡ್, ಅಮೋನಿಯಾ ಸೇರಿದ ಉಪ್ಪುಗಳಲ್ಲಿ. ಆರು ಅಮೋನಿಯಾ ಇರುವ ಹಳದಿ ಉಪ್ಪಿಗೆ ಸಿಲ್ವರ್ ನೈಟ್ರೇಟ್ ಹಾಕಿದರೆ ಮೂರೂ ಕ್ಲೋರೈಡು ಬಿಳಿಯಾಗಿ ಕೆಳಗಿಳಿಯುತ್ತವೆ. ಐದು ಅಮೋನಿಯಾ ಇರುವ ನೇರಳೆ ಉಪ್ಪಿನಲ್ಲಿ ಎರಡೇ ಇಳಿಯುತ್ತವೆ. ಮೂರನೆಯದು ಒಳಗೆ, ಖಾಲಿಯಾದ ಆರನೇ ಜಾಗದಲ್ಲಿ ಕೂತಿದೆ. ಕೋಬಾಲ್ಟಿನ ಸುತ್ತ ಆರು ಸೀಟು, ಆರೂ ತುಂಬಲೇಬೇಕು. ಚಾರ್ಟಿನಲ್ಲಿ ಇದೊಂದು ಚಿತ್ರ ಹಾಕಿ ಮೇಡಂ. ವರ್ನರ್‌ಗೆ 1913ರಲ್ಲಿ ನೊಬೆಲ್ ಬಂದದ್ದು ಇದೇ ಸಾಲಿನ ಕೆಲಸಕ್ಕೆ.

4.35 | ಮಲೆನಾಡು

ಎಲ್ಲರಿಗೂ ಧನ್ಯವಾದ. ಮಧ್ಯಾಹ್ನ ಪ್ರಾಕ್ಟಿಕಲ್‌ಗೆ ಬಂದ ಮಕ್ಕಳ ಮುಂದೆ ನಿಮ್ಮ ಪದಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು, ಕೇಳಿದ ಕೂಡಲೇ ಏನು ಹೊಳೆಯುತ್ತೆ ಅಂದೆ.

ಸಂಲಗ್ನಿಗೆ 'ಮದುವೆ ಕಾರ್ಡಲ್ಲಿ ಇರುತ್ತಲ್ಲ ಮೇಡಂ' ಅಂದಳು ಒಬ್ಬಳು. ಅಂಟುಗಕ್ಕೆ ಇಡೀ ಹಿಂದಿನ ಬೆಂಚು 'ಫೆವಿಕಾಲ್' ಅಂತು. ನಖರ ಯಾರಿಗೂ ಗೊತ್ತಿಲ್ಲ, ನಖರಾ ಎಲ್ಲರಿಗೂ ಗೊತ್ತು. ಇಪ್ಪಲ್ಲು ಓದಿ ನಗು ತಡೆಯಲಾಗಲಿಲ್ಲ, ನನಗೂ. ಇಕ್ಕಳ ಅಂದಾಗ ಮಾತ್ರ ಒಬ್ಬ ಏನೂ ಹೇಳದೆ ಎರಡೂ ಕೈ ಚಾಚಿ ಡೆಸ್ಕಿನ ಮೇಲಿದ್ದ ಬೀಕರ್ ಹಿಡಿದು ತೋರಿಸಿದ.

ಹಾಗಾಗಿ ಲಿಗಂಡ್ ಲಿಗಂಡ್ ಆಗೇ ಇದೆ, ಕೆಳಗೆ 'ಲೋಹಕ್ಕೆ ಅಂಟಿಕೊಂಡದ್ದು' ಅಂತ ಹಾಕಿದ್ದೇನೆ. ಸಮನ್ವಯ ಸಂಯುಕ್ತ ಹಾಗೇ ಇಟ್ಟೆ, ಪಕ್ಕದಲ್ಲಿ ಕೋಬಾಲ್ಟಿನ ಆರು ಸೀಟು. ಡೆಂಟಿಸಿಟಿಗೆ 'ಎಷ್ಟು ಹಲ್ಲಿನದು?'. ಕೀಲೇಟ್‌ಗೆ ಇಕ್ಕಳ ಸಂಯುಕ್ತ, ಜೊತೆಗೆ ಒಂದು ಏಡಿಯ ಚಿತ್ರ. ಕೆಳಗೆ ಸಣ್ಣಕ್ಷರದಲ್ಲಿ 'ಗೊಬ್ಬರದ ಅಂಗಡಿಯಲ್ಲಿ: ಚಿಲೇಟೆಡ್'. ಫೈಲ್ ಕಳಿಸಿಯಾಯಿತು.

6.50 | ಮೈಸೂರು

ಇಕ್ಕಳ ಅಲ್ಲ, ಇಕ್ಕುಳ. ಪ್ರಿಂಟ್ ಆಗಿದೆಯಾ?